ಹೊಲಿಗೆ ಯಂತ್ರ ಒಂದು, ಹಿಡಿ ಬಿರುಕು ಬಿಟ್ಟದ್ದು

ನ್ಯಾಯಾಲಯದ ಗೇಟಿನ ಹೊರಗೆ ಸಾಲಾಗಿ ಮೇಜು ಹಾಕಿಕೊಂಡು ಕೂತ ಟೈಪಿಸ್ಟರಲ್ಲಿ ಮೂರನೆಯ ಮೇಜು ನನ್ನದು. ಇಪ್ಪತ್ತೆರಡು ವರ್ಷಗಳಿಂದ ಜನರ ಅರ್ಜಿ, ಅಫಿಡವಿಟ್ಟು, ಮುಚ್ಚಳಿಕೆಗಳನ್ನು ಬಡಿದುಕೊಡುತ್ತಿದ್ದೇನೆ. ಎಲ್ಲರೂ ಕರೆಯುವುದು ಟೈಪಮ್ಮ ಎಂದೇ. ಕಾನೂನು ಓದಿದವಳಲ್ಲ, ಆದರೆ ಓದಿದವರು ಹೇಳಿದ್ದನ್ನೆಲ್ಲ ಮೂರು ಪ್ರತಿ ತೆಗೆದವಳು. ಕಳ್ಳರನ್ನು ಕಂಡರೆ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ಕದಿಯುತ್ತಾರೆ, ಸಿಕ್ಕಿಬಿದ್ದರೆ ಒದೆ ತಿನ್ನುತ್ತಾರೆ, ಲೆಕ್ಕ ಚುಕ್ತಾ. ನನಗೆ ಮೈಯೆಲ್ಲ ಉರಿಯುವುದು ಪಟ್ಟಿಗಳನ್ನು ಕಂಡರೆ. ಯಾಕೆ ಎಂದು ಹೇಳಬೇಕಾದರೆ ಹೊಲಿಗೆಯಕ್ಕನ ವಿಷಯ ಹೇಳಬೇಕು.

ಹೊಲಿಗೆಯಕ್ಕನ ಮನೆ ನ್ಯಾಯಾಲಯದಿಂದ ಎರಡು ಬಸ್ಸು ಬದಲಾಯಿಸುವಷ್ಟು ದೂರ. ಇರುವುದು ಎರಡೇ ಕೋಣೆ. ಮುಂದಿನ ಕೋಣೆಗೆ ಒಂದು ಕಿಟಕಿ, ಕಿಟಕಿಯ ಕೆಳಗೆ ಮಷೀನು. ಕಾಲಿನಿಂದ ತುಳಿಯುವುದಲ್ಲ, ಕೈಯಿಂದ ತಿರುಗಿಸುವ ಹಳೆಯ ಕಾಲದ್ದು. ಮರದ ಹಲಗೆಯ ಮೇಲೆ ಕೂರಿಸಿದ್ದು, ಮೇಲೊಂದು ಮರದ ಮುಚ್ಚಳ. ನೆಲದ ಮೇಲೆ ಕೂತು, ಬಲಗೈಯಲ್ಲಿ ಹಿಡಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ನಡೆಸಬೇಕು. ಶಾಲೆಯ ಸಮವಸ್ತ್ರ, ದಿಂಬಿನ ಚೀಲ, ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಗಿಡ್ಡವಾದ ಫ್ರಾಕಿಗೆ ಅಂಚು ಕೊಡುವುದು, ಇವೇ ಅವಳ ಕೆಲಸ. ಆದರೆ ಅವಳಿಗೆ ಹೆಸರು ಬಂದದ್ದು ಕಾಲರಿನಿಂದ. ಸವೆದ ಶರ್ಟಿನ ಕಾಲರು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಕೂರಿಸಿದರೆ ಆ ಶರ್ಟಿಗೆ ಇನ್ನೆರಡು ವರ್ಷ ಆಯಸ್ಸು. ಅವಳು ತಿರುವಿದ ಕಾಲರು ಯಾವುದು, ಹೊಸ ಕಾಲರು ಯಾವುದು ಎಂದು ತೊಟ್ಟವನಿಗೂ ಗೊತ್ತಾಗುತ್ತಿರಲಿಲ್ಲ.

ಮಷೀನು ಮೊದಲು ಅತ್ತೆಯದು. ಆ ಮುದುಕಿ ಮೂವತ್ತು ವರ್ಷ ಅದನ್ನು ತಿರುಗಿಸಿ ತಿರುಗಿಸಿ ಅವಳ ಬಲ ಮಣಿಕಟ್ಟು ಎಡದ್ದಕ್ಕಿಂತ ದಪ್ಪವಾಗಿತ್ತು. ಕಣ್ಣು ಮಂಜಾದ ದಿನ ಸೊಸೆಯನ್ನು ಕರೆದು, "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ತಗೋ, ನಿನ್ನ ಕಾಲ ಶುರು. ಎಣ್ಣೆ ಮಾತ್ರ ನಾನೇ ಬಿಡ್ತೀನಿ" ಎಂದಿದ್ದಳಂತೆ. ಈ ಮಷೀನಿನ ಹೊಟ್ಟೆಯಲ್ಲಿ ಕೆಳದಾರ ಹಿಡಿದಿಡುವ ಒಂದು ಉಕ್ಕಿನ ಡಬ್ಬಿ ಇದೆ, ಹೆಬ್ಬೆರಳಿನ ತುದಿಯಷ್ಟು. ಬಾಬಿನ್ ಕೇಸು ಎನ್ನುತ್ತಾರೆ. ಮಷೀನಿನ ಜೊತೆ ಬಂದದ್ದು ಯಾವ ಕಾಲದಲ್ಲೋ ಕಳೆದುಹೋಗಿತ್ತು. ಅದೇ ಕಂಪನಿಯದು ಸಿಗದೆ ಅತ್ತೆ ಬೇರೆ ಯಾವುದೋ ಮಷೀನಿನದು ತಂದು, ಎರಡು ದಿನ ಅರ ಹಿಡಿದು ಉಜ್ಜಿ, ಒಂದು ಕಚ್ಚು ಕೊರೆದು ಕೂರಿಸಿದ್ದಳು. "ಇದು ಬೇರೆ ಯಾವ ಮಷೀನಿಗೂ ಆಗಲ್ಲ, ಈ ಮಷೀನಿಗೆ ಬೇರೆ ಯಾವುದೂ ಆಗಲ್ಲ. ಗಂಡ ಹೆಂಡ್ತಿ ಇದ್ದ ಹಾಗೆ" ಎಂದು ಅವಳು ಹೇಳಿದರೆ ಮಗ, ಅಂದರೆ ಹೊಲಿಗೆಯಕ್ಕನ ಗಂಡ, "ಅದಕ್ಕೇ ಬೆಳಗಿಂದ ಸಂಜೆ ತನಕ ಕಟಕಟ ಅಂತಿರುತ್ತೆ" ಎನ್ನುತ್ತಿದ್ದ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ಹುಬ್ಬಿನ ಮೇಲೆ ಸದಾ ಒಂದು ಚಿಟಿಕೆ ಹಿಟ್ಟು ಇರುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವಷ್ಟರಲ್ಲಿ ಬಾಗಿಲ ಚಿಲಕ ಕಿತ್ತಿತ್ತು. ಪಾತ್ರೆ ಪಗಡಿ ಇದ್ದ ಹಾಗೇ ಇದ್ದವು, ಕಿಟಕಿಯ ಕೆಳಗಿನ ಜಾಗ ಮಾತ್ರ ಖಾಲಿ. ಸೂಜಿಯ ಕೆಳಗಿದ್ದ ಅರೆಹೊಲಿದ ಶರ್ಟನ್ನು ಕಳ್ಳ ಬಿಡಿಸಿ, ಮಡಚಿ ಇಟ್ಟು ಹೋಗಿದ್ದ. ಅದೇ ತಿಂಗಳು ಮನೆಯ ಮಾಲೀಕರು ಗೋಡೆಗಳಿಗೆ ಬಣ್ಣ ಹೊಡೆಸಿದ್ದರು. ಹೊಡೆಯಲು ಬಂದವನು ಮಷೀನನ್ನು ಎರಡು ಸಲ ಎತ್ತಿ ಪಕ್ಕಕ್ಕಿಟ್ಟಿದ್ದ. ಅನುಮಾನ ಆ ಬಣ್ಣದವನ ಮೇಲೇ ಹೋಯಿತು, ಅನುಮಾನ ನಿಜವೂ ಆಗಿತ್ತು. ಈ ವ್ಯವಹಾರದಲ್ಲಿ ನೆಟ್ಟಗೆ ನಡೆದದ್ದು ಅದೊಂದೇ.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಕೇಳಿದ, "ಏನಮ್ಮ, ಮಷೀನಿಗೆ ಗುರುತು?"

"ಅದರ ಬಾಬಿನ್ ಕೇಸು ಅರದಲ್ಲಿ ಉಜ್ಜಿದ್ದು ಸಾರ್. ಬೇರೆ ಯಾವುದೂ ಅದಕ್ಕೆ ಕೂರಲ್ಲ. ಕೆಳಗಡೆ ತಗಡು ಸರಿಸಿದ್ರೆ..."

"ಒಳಗಿಂದೆಲ್ಲ ಬೇಡ. ಹೊರಗೆ ಕಣ್ಣಿಗೆ ಕಾಣೋದು ಹೇಳು."

ನಂಬರು ಹೇಳೋಣವೆಂದರೆ ಮೂವತ್ತು ವರ್ಷದ ಎಣ್ಣೆಬಟ್ಟೆಯ ಉಜ್ಜಾಟಕ್ಕೆ ಅದು ಅಳಿಸಿಹೋಗಿತ್ತು. ರಸೀದಿಯನ್ನು ಇಲಿ ಯಾವತ್ತೋ ತಿಂದು ಜೀರ್ಣಿಸಿಕೊಂಡಿತ್ತು. ಅವಳು ಯೋಚಿಸಿ, "ತಿರುಗಿಸೋ ಹಿಡಿ ಇದೆಯಲ್ಲ, ಅದು ಸ್ವಲ್ಪ ಬಿರುಕು ಬಿಟ್ಟಿದೆ" ಎಂದಳು. ಅವನು ಬರೆದುಕೊಂಡ. ಹೊಲಿಗೆ ಯಂತ್ರ ಒಂದು, ಕಪ್ಪು ಬಣ್ಣ, ಹಿಡಿ ಬಿರುಕು ಬಿಟ್ಟದ್ದು. ಎಂಟು ಪದ. ಆಮೇಲಿನ ನಾಲ್ಕು ವರ್ಷ ಈ ಎಂಟು ಪದ ಆ ಹೆಂಗಸನ್ನು ಆಡಿಸಿದವು.

ವಾರದೊಳಗೆ ಮಷೀನು ಬಣ್ಣದವನ ಕೋಣೆಯಲ್ಲಿ, ಗೋಣಿಚೀಲದ ಕೆಳಗೆ ಸಿಕ್ಕಿತು. ಸುದ್ದಿ ತಿಳಿದು ಅತ್ತೆ ಸೊಸೆ ಇಬ್ಬರೂ ಠಾಣೆಗೆ ಓಡಿದರು. ಮೇಜಿನ ಮೇಲೆ ಅದನ್ನು ಕಂಡ ಕೂಡಲೇ ಅತ್ತೆ ಎಣ್ಣೆಯ ತೂತಿಗೆ ಬೆರಳಿಟ್ಟು ನೋಡಿ, "ಒಣಗಿಹೋಗಿದೆ ಪಾಪ" ಎಂದಳು. ಪೊಲೀಸಪ್ಪ ಅವಳ ಕೈ ಸರಿಸಿ, "ಮುಟ್ಬೇಡಿ ಅಜ್ಜಿ, ಅದೀಗ ಸಾಕ್ಷಿ" ಎಂದ. ಕಳ್ಳ ಜೈಲಿಗೆ ಹೋದ, ಮಷೀನು ಠಾಣೆಯ ಹಿಂದಿನ ಸಾಮಾನಿನ ಕೋಣೆಗೆ ಹೋಯಿತು. ಇಬ್ಬರನ್ನೂ ಒಂದೇ ದಿನ ಒಳಗೆ ಹಾಕಿದರು. ಕದ್ದವನಿಗೆ ಬೀಗ ಹಾಕುವುದು ಸರಿ, ಕದ್ದ ವಸ್ತು ಏನು ಪಾಪ ಮಾಡಿತ್ತು?

ಅದನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕಬೇಕೆಂದು ಯಾರೋ ಹೇಳಿ ಅವಳು ನನ್ನ ಮೇಜಿಗೆ ಬಂದಳು. ಬಾಬಿನ್ ಕೇಸಿನ ಗುರುತನ್ನು ನನಗೂ ಹೇಳಿದಳು. "ಅದನ್ನೂ ಸೇರ್ಸಿ ಟೈಪಮ್ಮ, ಯಾರು ಬೇಕಾದ್ರೂ ಪರೀಕ್ಷೆ ಮಾಡ್ಬಹುದು." ನಾನು ಏನೆಂದೆ ಗೊತ್ತೇ? "ಪೊಲೀಸರ ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಇರ್ಬೇಕು ಕಣಮ್ಮ. ಒಂದಕ್ಷರ ಆಚೀಚೆ ಆದ್ರೆ ಅರ್ಜಿ ವಾಪಸ್ ಬರುತ್ತೆ." ನಾನು ಹೇಳಿದ್ದು ಸುಳ್ಳಲ್ಲ, ಇಲ್ಲಿ ನಡೆಯುವುದೇ ಹಾಗೆ. ಆ ಎಂಟು ಪದಗಳನ್ನು ನೋಡಿಕೊಂಡು ನನ್ನ ಕೈಯಾರೆ ಬಡಿದೆ, ಮೂರು ಪ್ರತಿ. ನನ್ನ ಬೆರಳುಗಳ ಮೇಲೂ ನನಗೆ ಸಿಟ್ಟಿದೆ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಅರ್ಜಿಯ ಮೇಲೆ ಆದೇಶ ಆಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಅವಳು ಕಿಟಕಿಯ ಕೆಳಗೆ ಕೂತು ಕೈಯಲ್ಲೇ ಹೊಲಿದಳು. ದಿನಕ್ಕೆ ಐದು ಶರ್ಟು ಮುಗಿಸುತ್ತಿದ್ದವಳು ಎರಡು ದಿನಕ್ಕೆ ಒಂದು ಮುಗಿಸಿದರೆ ಹೆಚ್ಚು. ಸಮವಸ್ತ್ರ ಹೊಲಿಸುತ್ತಿದ್ದ ಶಾಲೆಯವರು ಬೇರೆ ಕಡೆ ಹೋದರು. ಆದೇಶ ಬಂದ ದಿನ ಅವಳ ಜೊತೆ ನಾನೂ ಠಾಣೆಗೆ ಹೋಗಿದ್ದೆ. ಸಾಮಾನಿನ ಕೋಣೆ ಎಂದರೆ ತುಕ್ಕು ಹಿಡಿದ ಸೈಕಲ್ಲುಗಳು, ಗಾಳಿ ಹೋದ ಚಕ್ರಗಳು, ಯಾರದೋ ಮನೆಯ ಗಡಿಯಾರ, ಯಾವ ಮಗುವಿನದೋ ಮೂರು ಗಾಲಿಯ ಗಾಡಿ. ಎಲ್ಲಕ್ಕೂ ಒಂದೊಂದು ಚೀಟಿ. ಕಳ್ಳರು ಕದ್ದದ್ದು ಒಂದು ಸಲ, ಇವರು ಹಿಡಿದು ತಂದು ಎರಡನೇ ಸಲ ಕದ್ದಂತೆ ಕಾಣುತ್ತಿತ್ತು ಆ ಕೋಣೆ. ಮಷೀನಿನ ಮೇಲೆ ಯಾರೋ ಕೂತೂ ಕೂತೂ ಮುಚ್ಚಳ ತಗ್ಗಾಗಿತ್ತು. ಹಿಡಿಯ ಬಿರುಕು ಉದ್ದವಾಗಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳುತ್ತಾರೆಯೇ? ಮಷೀನು ಕೊಟ್ಟರು, ಕೊಡುವಾಗ ಮುಚ್ಚಳಿಕೆ ಬರೆಸಿಕೊಂಡರು. ಕೇಸು ಮುಗಿಯುವ ತನಕ ಮಾರಬಾರದು, ಸ್ವರೂಪದಲ್ಲಿ ಬದಲಾವಣೆ ಮಾಡಬಾರದು, ವಿಚಾರಣೆಯ ಪ್ರತಿ ದಿನಾಂಕದಂದು ನ್ಯಾಯಾಲಯಕ್ಕೆ ತಂದು ಹಾಜರುಪಡಿಸಬೇಕು. ಕೇಸಿನ ನಂಬರಿರುವ ಚೀಟಿಯನ್ನು ಮಷೀನಿನ ತೋಳಿಗೆ ದಾರದಲ್ಲಿ ಕಟ್ಟಿ, ಗಂಟಿನ ಮೇಲೆ ಅರಗು ಸುರಿದರು. ಚೀಟಿ ಕಳೆದರೆ ಜವಾಬ್ದಾರಿ ಅವಳದು. ಅವಳು ಅದಕ್ಕೊಂದು ಪ್ಲಾಸ್ಟಿಕ್ ಚೀಲ ಹೊಲಿದು ತೊಡಿಸಿದಳು. ಹಿಡಿ ಜೋರಾಗಿ ತಿರುಗಿಸಿದಾಗ ಅದು ಪಟಪಟ ಎಂದು ಅವಳ ಕೈಗೆ ಹೊಡೆಯುತ್ತಿತ್ತು. "ನೆನಪಿಸ್ತಾ ಇದೆ ಕಣೇ, ನೀನು ಸರ್ಕಾರದ ಮಷೀನಲ್ಲಿ ಹೊಲೀತಾ ಇದ್ದೀಯ ಅಂತ" ಎನ್ನುತ್ತಿದ್ದಳು ಅತ್ತೆ.

ಮೊದಲ ದಿನಾಂಕದಂದು ಅವಳು ಮಷೀನನ್ನು ಹಳೆಯ ಹೊದಿಕೆಯಲ್ಲಿ ಕಟ್ಟಿ, ಹೆಗಲಿಗೆ ಹಾಕಿಕೊಂಡು, ಎರಡು ಬಸ್ಸು ಹತ್ತಿ ಬಂದಳು. ಹನ್ನೆರಡು ಕೆಜಿ ತೂಕ. ಗೇಟಿನ ಕಾವಲುಗಾರ ಗಂಟು ಬಿಚ್ಚಿಸಿ ನೋಡಿ, "ಸೂಜಿ ಒಳಗೆ ಬಿಡಲ್ಲ. ಚೂಪಾದ ವಸ್ತು" ಎಂದ. ಸೂಜಿ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ತನ್ನ ಪುಸ್ತಕದ ಬೆನ್ನಿಗೆ ಚುಚ್ಚಿಟ್ಟುಕೊಂಡ, ಹೋಗುವಾಗ ವಾಪಸು ಕೊಟ್ಟ. ಒಳಗೆ ಸಂಜೆಯ ತನಕ ಬೆಂಚಿನ ಮೇಲೆ ಮಷೀನಿನ ಪಕ್ಕ ಕೂತಿದ್ದು ಹೊರಗೆ ಬಂದಳು. ಕಳ್ಳನನ್ನು ಜೈಲಿನಿಂದ ಕರೆತರಲು ವ್ಯಾನು ಇರಲಿಲ್ಲವಂತೆ, ಮುಂದಿನ ದಿನಾಂಕ ಕೊಟ್ಟರು.

ಹೋದ ಪುಟ್ಟ ಬಂದ ಪುಟ್ಟ, ಪುಟ್ಟನ ಕಾಲಿಗೆ ನೀರಿಲ್ಲ. ಎರಡನೇ ಸಲ ನ್ಯಾಯಾಧೀಶರು ರಜೆ. ಮೂರನೇ ಸಲ ಮತ್ತೆ ವ್ಯಾನಿಲ್ಲ. ನಾಲ್ಕನೇ ಸಲ ವ್ಯಾನಿತ್ತು, ಕಾವಲಿಗೆ ಪೊಲೀಸರಿರಲಿಲ್ಲ. ಆಮೇಲೆ ವಕೀಲರ ಮುಷ್ಕರ, ನ್ಯಾಯಾಧೀಶರ ವರ್ಗಾವಣೆ, ಒಮ್ಮೆ ಕಡತವೇ ಕಾಣಲಿಲ್ಲ. ಕಡತ ಕಳೆದ ದಿನವೂ ಮಷೀನು ಹಾಜರಿತ್ತು. ತಂದದ್ದನ್ನು ಒಳಗೆ ಯಾರಾದರೂ ಹೊದಿಕೆ ಬಿಚ್ಚಿ ನೋಡಿದರೇ ಎಂದರೆ, ಇಲ್ಲ. ಕೂಗುವ ಜವಾನ ಬಾಗಿಲಲ್ಲಿ ನಿಂತೇ "ಮಾಲು ಬಂದಿದೆಯಾ?" ಎಂದು ಕೇಳುತ್ತಿದ್ದ, ಅವಳು "ಬಂದಿದೆ" ಎನ್ನುತ್ತಿದ್ದಳು, ಅಷ್ಟೇ. ಒಂದು ದಿನ ಅತ್ತೆ ಕೇಳಿದಳಂತೆ, "ಕಲ್ಲು ಕಟ್ಕೊಂಡು ಹೋದ್ರೂ ನಡೆಯುತ್ತಲ್ಲೇ?" ಹೊಲಿಗೆಯಕ್ಕ ಅಂಥವಳಲ್ಲ. ಸತ್ಯ ಹೇಳಲು ಹೋಗುವಾಗ ಕಲ್ಲು ಹೊತ್ತುಕೊಂಡು ಹೋಗುವುದು ಅವಳಿಗೆ ಬಾರದು.

ಹದಿನಾಲ್ಕು ತಿಂಗಳಾದ ಮೇಲೆ ಬಣ್ಣದವನಿಗೆ ಜಾಮೀನು ಸಿಕ್ಕಿತು. ಒಂದು ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಿಂದ ಇಳಿದರು. ಅವನು ಹತ್ತಿರ ಬಂದು, "ಅಕ್ಕಾ, ಕೊಡಿ ಇಲ್ಲಿ, ನಾನು ಹಿಡ್ಕೋತೀನಿ" ಎಂದ.

"ಬೇಡಪ್ಪ. ನೀನು ಹಿಡ್ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು."

ಅವನು ತಲೆ ತಗ್ಗಿಸಿ ಪಕ್ಕದಲ್ಲೇ ನಡೆದ. ಅರ್ಧ ದಾರಿಗೆ ಅವಳ ಹೆಗಲು ಸೋತಿತು, ಗಂಟು ಅವನ ಕೈಗೆ ಕೊಟ್ಟಳು. ಆವತ್ತಿನಿಂದ ಪ್ರತಿ ದಿನಾಂಕಕ್ಕೂ ಬಸ್ ನಿಲ್ದಾಣದಿಂದ ನ್ಯಾಯಾಲಯದ ತನಕ ಅವನೇ ಹೊರುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳನ ಹೆಗಲ ಮೇಲೆ ಕದ್ದ ಮಾಲು ಹಾಡಹಗಲೇ ಇತ್ತು, ನನ್ನ ಮೇಜಿನ ಎದುರೇ ಹಾದುಹೋಗುತ್ತಿತ್ತು. ಕಾವಲುಗಾರ ಸೂಜಿ ಮಾತ್ರ ಕೇಳುತ್ತಿದ್ದ.

ಅವನು ಅವಳಿಗೆ ಎಲ್ಲ ಹೇಳಿದ್ದ. ಬೆಂಚಿನ ಮೇಲೆ, ಮಷೀನನ್ನು ನಡುವೆ ಇಟ್ಟುಕೊಂಡು. "ತಗೊಂಡಿದ್ದು ನಾನೇ ಅಕ್ಕಾ. ನನ್ ಹೆಂಡ್ತಿ ಹೊಲೀತಾಳೆ ಅಂತ ತಗೊಂಡು ಹೋದೆ. ಅವಳು ಇದು ಎಲ್ಲಿಂದ ಬಂತು ಅಂತ ಕೇಳಿದ್ಲು. ನಾನು ಬಾಯಿ ಬಿಡ್ಲಿಲ್ಲ. ಅವಳು ಮುಟ್ಲೇ ಇಲ್ಲ."

"ಹಾಗಂತ ಒಳಗೆ ಹೇಳ್ಬಾರ್ದಾ? ನಂಗಾದ್ರೂ ಬಿಡುಗಡೆ ಆಗುತ್ತೆ."

"ಮೊದಲ್ನೇ ದಿನಾನೇ ಹೇಳೋಣ ಅಂತಿದ್ದೆ. ಒಪ್ಕೊಂಡ್ರೆ ಆರು ತಿಂಗಳು ಅಂತ ಜೈಲಲ್ಲಿ ಎಲ್ರೂ ಅಂದ್ರು. ಒಪ್ಕೊಳ್ಳೋಕೆ ನನ್ನನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕಲ್ಲ. ವ್ಯಾನಿಲ್ಲ, ವ್ಯಾನಿಲ್ಲ ಅಂತ ಹದಿನಾಲ್ಕು ತಿಂಗಳು ಕೂತೆ. ಈಗ ವಕೀಲರು ಬಾಯಿ ಬಿಟ್ರೆ ಕೆಟ್ಟೆ ಅಂದಿದ್ದಾರೆ. ಹೆಂಡ್ತಿ ಮಕ್ಕಳಿದ್ದಾರೆ ಅಕ್ಕಾ."

ಇದನ್ನು ಅವಳು ನನಗೆ ಹೇಳಿದಾಗ ಯಾರ ಮೇಲೆ ಸಿಟ್ಟಾಗಬೇಕು ಎಂದೇ ತಿಳಿಯಲಿಲ್ಲ. ಆರು ತಿಂಗಳ ತಪ್ಪಿಗೆ ಹದಿನಾಲ್ಕು ತಿಂಗಳು ಇಟ್ಟು, ಅದನ್ನು ಶಿಕ್ಷೆ ಎಂದೂ ಕರೆಯದೆ, ಮೇಲೆ ವಿಚಾರಣೆ ಇನ್ನೂ ಶುರುವಾಗಿಲ್ಲ ಎನ್ನುವವರನ್ನು ಏನೆಂದು ಕರೆಯಬೇಕು? ಬೀದಿಯಲ್ಲಿ ಹೀಗೆ ಮಾಡಿದವನಿಗೆ ನನ್ನ ಬಾಯಲ್ಲಿ ಒಂದು ಪದವಿದೆ. ನ್ಯಾಯಾಲಯದ ಗೇಟಿನ ಬಳಿ ಕೂತು ಅದನ್ನು ಆಡುವಂತಿಲ್ಲ.

ಮೂರನೆಯ ವರ್ಷ ಒಂದು ಕಾಲರು ತಿರುವುತ್ತಿರುವಾಗ ಮಷೀನಿನ ಹಿಡಿ ಎರಡು ಹೋಳಾಗಿ ಅವಳ ಕೈಯಲ್ಲೇ ಉಳಿಯಿತು. ಗಂಡ ಬೇಕರಿಯಿಂದ ಒಂದು ಹಳೆಯ ಲಟ್ಟಣಿಗೆ ತಂದು, ಕೊಯ್ದು, ಕೆತ್ತಿ, ಉಜ್ಜಿ, ಅವಳ ಹಿಡಿತಕ್ಕೆ ಸರಿಯಾಗಿ ಹೊಸ ಹಿಡಿ ಮಾಡಿ ಕೂರಿಸಿದ. ಹಳೆಯದು ಒಲೆಗೆ ಹೋಯಿತು. ಮುರಿದದ್ದನ್ನು ಸರಿಮಾಡುವುದು ಆ ಮನೆಯವರ ಕಸುಬು, ಹಾಗೆ ಮಾಡುವಾಗ ಅವರು ಯಾರನ್ನೂ ಕೇಳುವವರಲ್ಲ. ಸ್ವರೂಪ ಬದಲಾಯಿಸಬಾರದು ಎಂದರೆ ಬೇರೆ ಬಣ್ಣ ಬಳಿಯಬಾರದು ಎಂದು ಅವಳು ತಿಳಿದಿದ್ದಳು. ನನ್ನನ್ನು ಒಂದು ಮಾತು ಕೇಳಿದ್ದರೆ, ಮುರಿದ ಆ ಎರಡು ಹೋಳನ್ನು ಚಿನ್ನದ ಹಾಗೆ ಕಟ್ಟಿಡು ಎನ್ನುತ್ತಿದ್ದೆ. ಕೇಳಲಿಲ್ಲ. ಕೇಳಬೇಕೆಂದು ಯಾವ ಹೊಲಿಗೆಯವಳಿಗೆ ತಾನೇ ಹೊಳೆಯುತ್ತದೆ?

ಇಪ್ಪತ್ತೆರಡನೆಯ ದಿನಾಂಕಕ್ಕೆ ಅವಳ ಸಾಕ್ಷಿಯ ಸರದಿ ಬಂತು. ನಾನು ಮೇಜಿಗೆ ಬಟ್ಟೆ ಮುಚ್ಚಿ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ದೂರು ಬರೆದುಕೊಂಡ ರೈಟರ್ ಆಗಲೇ ಬಂದು, ತನಗೆ ಈ ಕೇಸಿನ ನೆನಪಿಲ್ಲ, ಪಟ್ಟಿಯಲ್ಲಿರುವುದೇ ಸರಿ ಎಂದು ಹೇಳಿ ಹೋಗಿದ್ದ. ಅವಳ ಪರ ವಾದಿಸಬೇಕಾದ ಸರ್ಕಾರಿ ವಕೀಲನ ಎದುರು ನಲವತ್ತು ಕಡತ, ಅವಳದನ್ನು ತೆರೆದದ್ದು ಅದೇ ಬೆಳಿಗ್ಗೆ. ಬಣ್ಣದವನಿಗೆ ಸರ್ಕಾರವೇ ಕೊಟ್ಟ ವಕೀಲರು ವಯಸ್ಸಾದವರು, ಶಾಂತ ಸ್ವಭಾವದವರು. ಅವರು ಎದ್ದು ನಿಂತರು.

"ಕಳುವಾದ ಯಂತ್ರದ ಹಿಡಿ ಬಿರುಕು ಬಿಟ್ಟಿತ್ತು ಅಂತ ಹೇಳಿದ್ದೀರಿ. ಸರೀನಾ?"

"ಸರಿ ಸಾರ್."

"ಬಿರುಕು ತೋರಿಸಿ."

ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೊದಿಕೆ ಒಳಗೆ ಬಿಚ್ಚಿಕೊಂಡಿತು. "ಈಗ ಇಲ್ಲ ಸಾರ್. ಮುರಿದು ಹೋಯ್ತು. ನಮ್ಮೆಜಮಾನ್ರು ಹೊಸದು ಮಾಡಿ ಹಾಕಿದ್ರು."

"ಹಳೇದು ಎಲ್ಲಿ?"

"ಒಲೆಗೆ ಹಾಕಿದ್ವಿ."

ಯಾರೋ ನಕ್ಕರು. ವಕೀಲರು ನಗಲಿಲ್ಲ. "ಅಂದ್ರೆ ಕಳುವಾದ ಯಂತ್ರಕ್ಕೆ ಹೇಳಿದ ಒಂದೇ ಒಂದು ಗುರುತು ಈ ಯಂತ್ರದಲ್ಲಿ ಇಲ್ಲ" ಎಂದು ನ್ಯಾಯಾಧೀಶರ ಕಡೆ ತಿರುಗಿದರು.

"ಮುರಿದಿದ್ದನ್ನ ಸರಿ ಮಾಡಿದ್ದು ತಪ್ಪಾ ಸ್ವಾಮಿ?" ಎಂದು ಅವಳೂ ನ್ಯಾಯಾಧೀಶರನ್ನೇ ಕೇಳಿದಳು.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

ಅವಳು ಆಗ ಒಂದು ಕೆಲಸ ಮಾಡಿದಳು. ಮಷೀನಿನ ತಗಡು ಸರಿಸಿ, ಕೈ ಹಾಕಿ, ಬಾಬಿನ್ ಕೇಸನ್ನು ಹೊರಗೆ ತೆಗೆದು ಎತ್ತಿ ಹಿಡಿದಳು. "ಇದನ್ನ ನೋಡಿ ಸ್ವಾಮಿ. ಇದನ್ನ ನಮ್ಮತ್ತೆ ಅರದಲ್ಲಿ ಉಜ್ಜಿ ಕೂರಿಸಿದ್ದು. ಅಂಗಡೀಲಿರೋದು ಯಾವುದು ಬೇಕಾದ್ರೂ ತರ್ಸಿ, ಈ ಮಷೀನಿಗೆ ಕೂರಲ್ಲ. ಇದು ಇನ್ನೊಂದು ಮಷೀನಿಗೂ ಕೂರಲ್ಲ. ಠಾಣೇಲಿ ಮೊದಲ್ನೇ ದಿನಾನೇ ಹೇಳಿದ್ದೆ. ಅತ್ತೆ ಹೊರಗಡೆ ಕೂತಿದ್ದಾರೆ, ಕರೆದು ಕೇಳಿ."

ಸರ್ಕಾರಿ ವಕೀಲ ಹಾಳೆ ಮಗುಚಿದ. ಬಾಬಿನ್ ಕೇಸು ವಸ್ತುಗಳ ಪಟ್ಟಿಯಲ್ಲಿ ಇರಲಿಲ್ಲ. ಅತ್ತೆ ಸಾಕ್ಷಿಗಳ ಪಟ್ಟಿಯಲ್ಲಿ ಇರಲಿಲ್ಲ. ವಯಸ್ಸಾದ ವಕೀಲರು ಅದನ್ನೇ ಮೆಲ್ಲಗೆ ಹೇಳಿದರು, "ಪಟ್ಟಿಯಲ್ಲಿ ಇಲ್ಲ." ನ್ಯಾಯಾಧೀಶರು ಒಂದು ಕ್ಷಣ ಆ ಉಕ್ಕಿನ ಚೂರನ್ನು ನೋಡಿದರು. ಅವರು ಕೆಟ್ಟವರೇನಲ್ಲ, ಅದೇ ನನಗೆ ಇನ್ನೂ ಹೊಟ್ಟೆ ಉರಿಸುವುದು. "ಒಳಗಿಡಿ ಅಮ್ಮ" ಎಂದರು. ಅವಳು ಒಳಗಿಟ್ಟಳು. ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎನ್ನೋಣವೆಂದರೆ ಇವರು ಕಿವುಡರೂ ಅಲ್ಲ. ಎಲ್ಲ ಕೇಳಿಸಿಕೊಂಡು ಬರೆದುಕೊಳ್ಳದೆ ಬಿಟ್ಟರು.

ಹೊರಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟೇ. "ಆ ವಕೀಲರ ಕಾಲರು ಪೂರ್ತಿ ಸವೆದು ಹೋಗಿದೆ ಟೈಪಮ್ಮ. ಯಾರಾದ್ರೂ ತಿರುವಿ ಹಾಕಿಕೊಡ್ಬೇಕು."

ತೀರ್ಪು ಇಪ್ಪತ್ತಮೂರನೆಯ ದಿನಾಂಕಕ್ಕೆ. ಅದನ್ನು ಓದಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹಾಜರುಪಡಿಸಿದ ಯಂತ್ರವೇ ಕಳುವಾದ ಯಂತ್ರವೆಂದು ರುಜುವಾತಾಗಿಲ್ಲ, ಆದ್ದರಿಂದ ಆರೋಪಿ ಬಿಡುಗಡೆ. ಯಂತ್ರ ದೂರುದಾರಳದೇ ಎನ್ನಲು ರಸೀದಿಯಿಲ್ಲ, ಗುರುತು ತಾಳೆಯಾಗುವುದಿಲ್ಲ, ಮೇಲಾಗಿ ಮುಚ್ಚಳಿಕೆಯ ಷರತ್ತು ಮುರಿದಿದ್ದಾಳೆ. ಆರೋಪಿಯೂ ಅದು ತನ್ನದಲ್ಲ ಎಂದಿದ್ದಾನೆ. ವಾರಸುದಾರರಿಲ್ಲದ ಕಾರಣ ಯಂತ್ರ ಸರ್ಕಾರಕ್ಕೆ ಸೇರತಕ್ಕದ್ದು. ಏಳು ದಿನದೊಳಗೆ ತಂದು ಒಪ್ಪಿಸತಕ್ಕದ್ದು.

ಆಗ ಬಣ್ಣದವನು ಕಟಕಟೆಯಲ್ಲೇ ಕೈ ಮುಗಿದು ಬಾಯಿ ಬಿಟ್ಟ. "ಸ್ವಾಮಿ, ಅದು ಆ ಅಕ್ಕಂದೇ. ನಾನೇ ತಗೊಂಡು ಹೋಗಿದ್ದು. ಅವರಿಗೇ ಕೊಟ್ಬಿಡಿ."

ಅವನ ವಕೀಲರು ಅವನ ತೋಳು ಹಿಡಿದು ಕೆಳಗೆ ಜಗ್ಗಿದರು. ಸರ್ಕಾರಿ ವಕೀಲ ಮುಂದಿನ ಕಡತ ತೆಗೆಯುತ್ತಿದ್ದವನು ಹಾಗೇ ನಿಂತ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. "ಹೇಳಿಕೆ ಕೊಡುವ ಹಂತ ಮುಗಿದಿದೆ. ತೀರ್ಪು ಓದಿಯಾಗಿದೆ" ಎಂದರು. ನ್ಯಾಯಾಲಯದ ಬೆರಳಚ್ಚುಗಾರ್ತಿಯ ಕೈ ಕೀಲಿಗಳ ಮೇಲೇ ನಿಂತಿತ್ತು, ಅಪ್ಪಣೆಯಿಲ್ಲದೆ ಅವಳು ಒಂದಕ್ಷರವನ್ನೂ ಒತ್ತುವಂತಿಲ್ಲ. ಜವಾನ ಮುಂದಿನ ಕೇಸು ಕೂಗಿದ. ಕದ್ದವನೇ ನಾನು ಕದ್ದೆ ಎನ್ನುತ್ತಾನೆ, ಕಳೆದುಕೊಂಡವಳು ನನ್ನದು ಎನ್ನುತ್ತಾಳೆ, ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಯಾವ ಲೋಕದಿಂದ ತರಬೇಕು? ನಾನು ಎದ್ದು ನಿಂತು ಏನೋ ಹೇಳಲು ಹೋದೆ. ಜವಾನ ನನ್ನ ಭುಜ ಒತ್ತಿ, "ಟೈಪಮ್ಮ, ನಾಳೆ ನೀವು ಇಲ್ಲೇ ಮೇಜು ಹಾಕ್ಬೇಕು" ಎಂದ. ನಾನು ಕೂತೆ. ಅದನ್ನೂ ಹೇಳಿಬಿಡುತ್ತೇನೆ, ಕೂತೆ.

ಆರನೆಯ ದಿನ ಹೊಲಿಗೆಯಕ್ಕ ಮಷೀನನ್ನು ಕೊನೆಯ ಸಲ ಹೊತ್ತು ತಂದಳು. ಬಸ್ ನಿಲ್ದಾಣದಲ್ಲಿ ಬಣ್ಣದವನು ಕಾದಿದ್ದ, ಈ ಸಲ ಅವನ ಕೈಗೆ ಕೊಡಲಿಲ್ಲ. ಹಿಂದಿನ ಸಂಜೆ ಅತ್ತೆ ಅದಕ್ಕೆ ಎಣ್ಣೆ ಬಿಟ್ಟು, ಹೊಸ ಹಿಡಿಯನ್ನೂ ಒರೆಸಿ ಕೊಟ್ಟಿದ್ದಳಂತೆ. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಸೂಜಿ ಬಿಚ್ಚಿಸಿಕೊಂಡ. ಮಾಲು ಒಪ್ಪಿಸಿಕೊಳ್ಳುವ ಗುಮಾಸ್ತ ಪಟ್ಟಿ ತೆಗೆದು ಒಂದೊಂದೇ ಓದಿ ಗುರುತು ಹಾಕಿದ. ಹೊಲಿಗೆ ಯಂತ್ರ ಒಂದು, ಇದೆ. ಕಪ್ಪು ಬಣ್ಣ, ಇದೆ. ಹಿಡಿ ಬಿರುಕು ಬಿಟ್ಟದ್ದು ಎಂಬಲ್ಲಿ ನಿಂತು, ಹೊಸ ಹಿಡಿ ನೋಡಿ, ಸ್ವಲ್ಪ ತಲೆ ಕೆರೆದುಕೊಂಡು ಅದಕ್ಕೂ ಗುರುತು ಹಾಕಿದ. ಅವಳಿಗೆ ಕೊಡುವಾಗ ಅದು ಆ ಯಂತ್ರವಾಗಿರಲಿಲ್ಲ, ಅವಳಿಂದ ಕಿತ್ತುಕೊಳ್ಳುವಾಗ ಅದೇ ಯಂತ್ರವಾಯಿತು. ಅವಳು ಸಹಿ ಮಾಡಿದಳು.

ಹೊರಗೆ ಹೋಗುವಾಗ ಕಾವಲುಗಾರ ಕರೆದು, "ಅಮ್ಮ, ನಿಮ್ಮ ಸೂಜಿ" ಎಂದು ವಾಪಸು ಕೊಟ್ಟ. ಪ್ರಾಮಾಣಿಕ ಮನುಷ್ಯ.

ಅವಳು ಸೂಜಿ ಹಿಡಿದುಕೊಂಡು ನನ್ನ ಮೇಜಿಗೆ ಬಂದು ಕೂತಳು. ನಾನು ಆಗಲೇ ಮೇಲ್ಮನವಿಗೆ ಹಾಳೆ ಏರಿಸಿ ಇಟ್ಟಿದ್ದೆ. "ಬಿಡೋದು ಬೇಡ ಕಣಮ್ಮ. ಮೇಲಿನ ಕೋರ್ಟಿಗೆ ಹಾಕೋಣ. ಈ ಸಲ ಒಳಗಿನ ಗುರುತನ್ನೇ ಮೊದಲ ಸಾಲಿಗೆ ಬರೀತೀನಿ, ಯಾವ ಪಟ್ಟಿನೂ ನೋಡಲ್ಲ. ನಂಗೇನೂ ಕೊಡ್ಬೇಡ."

"ಅಲ್ಲಿಗೂ ಮಷೀನು ಹೊತ್ಕೊಂಡು ಬರ್ಬೇಕಾ ಟೈಪಮ್ಮ?"

"ಮಷೀನು ಅವರ ಹತ್ರಾನೇ ಇದೆಯಲ್ಲ ಈಗ."

"ಇರ್ಲಿ. ಹೊಲಿದು ನೋಡ್ಲಿ" ಎಂದು ಅವಳು ಎಡಗೈ ಮುಷ್ಟಿಯನ್ನು ನನ್ನ ಮೇಜಿನ ಮೇಲೆ ಬಿಡಿಸಿದಳು. ಬಾಬಿನ್ ಕೇಸು ಅಲ್ಲಿತ್ತು, ಅತ್ತೆ ಹಾಕಿದ ಎಣ್ಣೆಯಲ್ಲಿ ಇನ್ನೂ ಹೊಳೆಯುತ್ತಿತ್ತು.

ಇಪ್ಪತ್ತೆರಡು ವರ್ಷದ ಅಭ್ಯಾಸ, ಗೇಟಿನ ಕಡೆ ನೋಡಿ, ಕೈಯಿಂದ ಅದನ್ನು ಮುಚ್ಚಿದೆ. "ಏನೇ ಇದು? ಅವರು ನೋಡ್ಲಿಲ್ವಾ? ನಾಳೆ ಕೇಳಿದ್ರೆ ಏನು ಹೇಳ್ತೀಯ?"

"ಏನು ಕೇಳ್ತಾರೆ? ಪಟ್ಟಿಯಲ್ಲಿ ಇಲ್ವಲ್ಲ" ಎಂದಳು. ನನ್ನ ಕೈ ಸರಿಸಿ ಅದನ್ನು ತೆಗೆದುಕೊಂಡು, ಸೂಜಿಯನ್ನು ತನ್ನ ಸೆರಗಿಗೆ ಚುಚ್ಚಿಕೊಂಡು ಬಸ್ಸಿಗೆ ಹೊರಟಳು.